ಆಸ್ಪತ್ರೆ–ವಿಶ್ವವಿದ್ಯಾಲಯ ಜಂಟಿ ಸಂಶೋಧನಾ ಕೇಂದ್ರ: ಕಾರ್ಯಾಚರಣಾ ನಿರ್ದೇಶಕರ ಹುದ್ದೆ ಒಪ್ಪಿಕೊಳ್ಳುವ ಮುನ್ನ ಏನೇನು ಬರೆಸಿಕೊಳ್ಳಬೇಕು?

ಪ್ರಶ್ನೆ – ಕಾವೇರಿತೀರ, ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಹದಿನೆಂಟು ವರ್ಷಗಳಿಂದ ಆಡಳಿತಾಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಆಸ್ಪತ್ರೆಯೂ ಹೊರಜಿಲ್ಲೆಯ ಒಂದು ವಿಶ್ವವಿದ್ಯಾಲಯವೂ ಸೇರಿ ಐದು ವರ್ಷಗಳ ಅವಧಿಗೆ ಜಂಟಿ ಸಂಶೋಧನಾ ಕೇಂದ್ರವೊಂದನ್ನು ನಡೆಸಲು ಒಡಂಬಡಿಕೆ ಮಾಡಿಕೊಂಡಿವೆ. ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳಲ್ಲಿ ಕಂಡುಬರುವ ಕುಡುಗೋಲು ಕಣ ರಕ್ತಹೀನತೆ, ಅಂದರೆ ನಾವೆಲ್ಲ ಸಿಕಲ್ ಸೆಲ್ ಎಂದೇ ಕರೆಯುವ ಕಾಯಿಲೆ, ಮತ್ತು ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರ ತಾಯಿ–ಮಕ್ಕಳ ಆರೋಗ್ಯ, ಇವೆರಡು ಮೊದಲು ಕೈಗೆತ್ತಿಕೊಳ್ಳುವ ವಿಷಯಗಳು. ಕೇಂದ್ರದ ದೈನಂದಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳಲು ‘ಕಾರ್ಯಾಚರಣಾ ನಿರ್ದೇಶಕ’ ಎಂಬ ಹಿರಿಯ ಹುದ್ದೆಯನ್ನು ಸೃಷ್ಟಿಸಿದ್ದು, ಅದನ್ನು ನಾನು ವಹಿಸಿಕೊಳ್ಳಬೇಕೆಂದು ಎರಡೂ ಕಡೆಯವರು ಕೇಳಿದ್ದಾರೆ.

ಈ ಕೆಲಸ ಮಾಡಬೇಕೆಂಬ ಆಸೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮೈಕೈ ನೋವು, ಎದೆನೋವು ಎಂದು ಮತ್ತೆ ಮತ್ತೆ ವಾರ್ಡಿಗೆ ಸೇರಿ, ನೋವಿನ ಮಾತ್ರೆ ಪಡೆದು ಹಾಡಿಗೆ (ಆದಿವಾಸಿಗಳ ವಸತಿಗೆ) ಮರಳುತ್ತಿದ್ದ ಒಬ್ಬ ಹುಡುಗನಿಗೆ ಸಿಕಲ್ ಸೆಲ್ ಇದೆಯೆಂದು ತಿಳಿಯಲು ಆರು ವರ್ಷ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನನಗೆ ಕಳುಹಿಸಿರುವ ಕರಡು ಆದೇಶದಲ್ಲಿ ‘ಎರಡೂ ಸಂಸ್ಥೆಗಳ ಮುಖ್ಯಸ್ಥರ ಮಾರ್ಗದರ್ಶನದಲ್ಲಿ ಕಾರ್ಯನಿರ್ವಹಿಸತಕ್ಕದ್ದು’ ಎಂಬ ಒಂದೇ ವಾಕ್ಯವಿದೆ. ವೈದ್ಯಕೀಯ ಅಧೀಕ್ಷಕರು ಒಂದು ಹೇಳಿ ಕುಲಸಚಿವರು ಇನ್ನೊಂದು ಹೇಳಿದರೆ ನಾನು ಯಾರ ಮಾತನ್ನು ನಡೆಸಬೇಕು? ಯೋಜನೆಯ ಹಣಕ್ಕೆ ಸಹಿ ಮಾಡುವವರು ಯಾರು? ಹೊರರೋಗಿ ವಿಭಾಗದಲ್ಲಿ ಜನ ತುಂಬಿರುವ ದಿನ ಸಂಶೋಧನೆಗೆಂದು ನೇಮಿಸಿದ ಶುಶ್ರೂಷಕಿಯನ್ನು ವಾರ್ಡಿಗೆ ಕಳುಹಿಸಿ ಎಂದು ಕೇಳಿದರೆ ಏನು ಮಾಡಬೇಕು? ನಾನು ವೈದ್ಯರೂ ಅಲ್ಲ, ಪಿಎಚ್.ಡಿ. ಪದವೀಧರರೂ ಅಲ್ಲ. ಇಂಥ ವ್ಯವಸ್ಥೆಯನ್ನು ಒಳಗಿನಿಂದ ಕಂಡವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ – ಹಳೆಯ ಕಡತ, ಸೋಮವಾರಪೇಟೆ

ನಾನು ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ನೀವು ಕೇಳಿರುವ ಮೂರು ಪ್ರಶ್ನೆಗಳ ಬೇರು ಒಂದೇ: ನಿಮ್ಮ ಕೇಂದ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಸ್ವಂತ ಅಸ್ತಿತ್ವ ಇದೆಯೇ, ಇಲ್ಲವೇ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ನೆನಪಿಸಿಕೊಳ್ಳಿ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಅದರ ಪಕ್ಕದಲ್ಲೇ ಇದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನೂ 1974ರ ಡಿಸೆಂಬರಿನಲ್ಲಿ ವಿಲೀನಗೊಳಿಸಿ ಒಂದೇ ಸಂಸ್ಥೆಯಾಗಿ ಮಾಡಿದರು. ಆದ್ದರಿಂದ ಅಲ್ಲಿ ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರಕ್ಕೂ ಒಬ್ಬರೇ ನಿರ್ದೇಶಕರು. ನಿಮ್ಮದು ಹಾಗಲ್ಲ. ಎರಡು ಸಂಸ್ಥೆಗಳು ತಮ್ಮ ತಮ್ಮ ಮನೆಯಲ್ಲೇ ಉಳಿದು ನಡುವೆ ಒಂದು ಕಾಗದಕ್ಕೆ ಸಹಿ ಹಾಕಿವೆ. ಆ ಕಾಗದದ ಬಲದಿಂದ ಕೇಂದ್ರವು ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲಾರದು, ಯಾರನ್ನೂ ನೇಮಿಸಿಕೊಳ್ಳಲಾರದು, ಯಂತ್ರವೊಂದನ್ನು ಕೊಂಡು ತನ್ನದೆಂದು ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಲೂ ಆಗದು. ಪ್ರತಿಯೊಂದನ್ನೂ ಎರಡರಲ್ಲಿ ಒಂದು ಸಂಸ್ಥೆಯ ಹೆಸರಿನಲ್ಲೇ ಮಾಡಬೇಕು. ಹಾಗಿರುವಾಗ ನಿರ್ದೇಶಕರ ಅಧಿಕಾರವೂ ಎರಡೂ ಕಡೆಯಿಂದ ಲಿಖಿತವಾಗಿ ಬಂದಿರಬೇಕು. ಆಸ್ಪತ್ರೆಯ ಟ್ರಸ್ಟ್ ಮಂಡಳಿಯ ಒಂದು ನಿರ್ಣಯ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಒಂದು ನಿರ್ಣಯ, ಎರಡರಲ್ಲೂ ಇಷ್ಟು ರೂಪಾಯಿವರೆಗೆ ಇಂಥ ಬಾಬ್ತಿಗೆ ಇವರು ಮಂಜೂರಾತಿ ಕೊಡಬಹುದು ಎಂಬ ಮಾತು ಇರಲಿ. ಕುಲಪತಿಗಳು ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅವರ ಅವಧಿ ಮುಗಿಯುವವರೆಗೆ ಮಾತ್ರ. ಕುಲಸಚಿವರು ಅದಕ್ಕೂ ಮೊದಲೇ ವರ್ಗವಾಗಿ ಹೋಗಬಹುದು.

ಹಣದ ವಿಷಯಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರದ ಅನುದಾನ ಬಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರವನ್ನು 12-ಎ ನಮೂನೆಯಲ್ಲಿ ಕೊಡಬೇಕು, ಅನುದಾನದ ಮೇಲೆ ಬಂದ ಬಡ್ಡಿಯನ್ನು ಸರ್ಕಾರಕ್ಕೆ ಮರಳಿಸಬೇಕು. ಹಣ ಒಬ್ಬರ ಖಾತೆಗೆ ಬಂದು ಖರ್ಚು ಇಬ್ಬರಿಂದ ಆಗುವಾಗ ತೊಡಕು ಇಲ್ಲಿಯೇ ಹುಟ್ಟುತ್ತದೆ. ನಾನು ಕಂಡ ಒಂದು ಯೋಜನೆಯಲ್ಲಿ ಪಾಲುದಾರ ಆಸ್ಪತ್ರೆಯು ತನ್ನ ಪಾಲಿನ ವೋಚರುಗಳನ್ನು ಮಾರ್ಚ್ ಕಳೆದರೂ ಕಳುಹಿಸಲಿಲ್ಲ. ಪ್ರಮಾಣಪತ್ರ ಹೋಗಲಿಲ್ಲ, ಮುಂದಿನ ಕಂತು ಬರಲಿಲ್ಲ, ಕ್ಷೇತ್ರ ಸಹಾಯಕರಿಗೆ ನಾಲ್ಕು ತಿಂಗಳು ಸಂಬಳವಿಲ್ಲದೆ ಹೋಯಿತು. ಆ ಹುಡುಗಿಯರಲ್ಲಿ ಇಬ್ಬರು ಹಾಡಿಗಳಿಂದಲೇ ಬಂದವರು. ಅವರು ಬಿಟ್ಟುಹೋದ ಮೇಲೆ ಆ ಹಾಡಿಗಳಲ್ಲಿ ಅಧ್ಯಯನಕ್ಕೆ ಬಾಗಿಲು ಮತ್ತೆ ತೆರೆಯಲಿಲ್ಲ.

ವಿದೇಶಿ ಹಣದ ಆಲೋಚನೆ ಇದ್ದರೆ ಇನ್ನೂ ಎಚ್ಚರಿಕೆ ಬೇಕು. 2020ರ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯ ನಂತರ ಒಂದು ಸಂಸ್ಥೆ ತಾನು ಪಡೆದ ವಿದೇಶಿ ವಂತಿಗೆಯನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ನಿಮ್ಮ ಟ್ರಸ್ಟ್ ಪಡೆದು ವಿಶ್ವವಿದ್ಯಾಲಯಕ್ಕೆ ಪಾಲು ಕೊಡುತ್ತೇವೆ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ, ಅದರ ಕಾಗದಪತ್ರ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಹೋಗುತ್ತದೆ. ಒಡಂಬಡಿಕೆಯ ಕರಡು ಇನ್ನೂ ತಿದ್ದಲು ಸಾಧ್ಯವಿದ್ದರೆ, ಯಾವ ಮೂಲದ ಹಣ ಯಾರ ಖಾತೆಗೆ ನೇರವಾಗಿ ಬರುತ್ತದೆ ಎಂಬುದನ್ನು ಅದರಲ್ಲೇ ಸೇರಿಸಿಬಿಡಿ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು. ಸಂಬಳ, ರಜೆ, ಶಿಸ್ತಿನ ವಿಷಯಕ್ಕೆ ಒಬ್ಬರೇ ಮೇಲಧಿಕಾರಿ ಇರಲಿ. ಕೇಂದ್ರದ ಕೆಲಸಕ್ಕೆ ಎರಡೂ ಕಡೆಯ ಮೂವರು ಮೂವರಿರುವ ಜಂಟಿ ಸಮಿತಿಗೆ ನೀವು ಉತ್ತರದಾಯಿಯಾಗಿರಿ. ಭಿನ್ನಾಭಿಪ್ರಾಯ ಬಂದಾಗ ಎಷ್ಟು ದಿನಗಳೊಳಗೆ ಸಮಿತಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಯಾರ ಮಾತು ನಡೆಯಬೇಕು, ಇವೆರಡನ್ನೂ ಆದೇಶದಲ್ಲಿ ಬರೆಸಿಕೊಳ್ಳಿ. ಇಬ್ಬರು ಯಜಮಾನರ ನಡುವೆ ಸಿಕ್ಕ ಅಧಿಕಾರಿಗೆ ರಕ್ಷಣೆ ಕೊಡುವುದು ಆದೇಶಪತ್ರ ಒಂದೇ.

ಉತ್ತರ – ಬೆಟ್ಟದ ಹಾದಿ, ಪೊನ್ನಂಪೇಟೆ

ಹಳೆಯ ಕಡತ ಅವರು ಹೇಳಿದ್ದು ಪೂರ್ತಿ ಸರಿ. ನಾನು ಶುಶ್ರೂಷಕಿ, ಇಂಥದೇ ಒಂದು ಜಂಟಿ ಅಧ್ಯಯನದಲ್ಲಿ ಮೂರು ವರ್ಷ ಕ್ಷೇತ್ರ ಸಂಯೋಜಕಿಯಾಗಿದ್ದೆ. ನಿಮ್ಮ ಹುದ್ದೆಯಲ್ಲಿ ಕೂತವರ ನಿರ್ಧಾರಗಳು ಕೆಳಗೆ ಬಂದು ಹೇಗೆ ತಲುಪುತ್ತವೆ ಎಂಬುದನ್ನು ನಾನು ಕಂಡ ಹಾಗೆ ಹೇಳುತ್ತೇನೆ.

ನಮ್ಮಲ್ಲಿ ರಕ್ತದ ಮಾದರಿಗಳನ್ನು ಇಡಲು ಮೈನಸ್ 80 ಡಿಗ್ರಿಯ ಫ್ರೀಜರ್ ಇತ್ತು. ಕೊಂಡದ್ದು ವಿಶ್ವವಿದ್ಯಾಲಯ, ಇಟ್ಟದ್ದು ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಆಸ್ಪತ್ರೆಯ ಜನರೇಟರ್ ಓಡುತ್ತಲೇ ಇತ್ತು, ಆದರೆ ಅದರ ಲೈನ್ ಆಪರೇಷನ್ ಥಿಯೇಟರಿಗೂ ಐಸಿಯುಗೂ ಹೆರಿಗೆ ಕೋಣೆಗೂ ಮಾತ್ರ ಇತ್ತು. ಫ್ರೀಜರಿನ ತಂತಿಯನ್ನು ಆ ಲೈನಿಗೆ ಸೇರಿಸಿ ಎಂದು ನಾವು ಮೇ ತಿಂಗಳಲ್ಲೇ ಪತ್ರ ಬರೆದಿದ್ದೆವು. ಡೀಸೆಲ್ ಖರ್ಚು ಯಾರದು ಎಂಬ ಪ್ರಶ್ನೆಯ ಮೇಲೆ ಆ ಪತ್ರ ಎರಡು ಕಚೇರಿಗಳ ನಡುವೆ ಓಡಾಡುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಮೇಲಿನ ಅರೆಯ ಟ್ಯೂಬುಗಳ ಮೇಲೆ ಬರೆದಿದ್ದ ಸಂಖ್ಯೆಗಳು ನೀರಿನಲ್ಲಿ ಕದಡಿಹೋಗಿದ್ದವು. ಒಂದೊಂದು ಟ್ಯೂಬಿನ ಹಿಂದೆಯೂ ನಮ್ಮನ್ನು ನಂಬಿ ಕೈ ಚಾಚಿದ ಒಬ್ಬ ತಾಯಿ ಇದ್ದಳು. ನೀವು ಹುದ್ದೆ ವಹಿಸಿಕೊಂಡ ಮೊದಲ ವಾರದಲ್ಲಿ ಜನರೇಟರಿನ ಲೈನ್ ಎಲ್ಲೆಲ್ಲಿಗೆ ಹೋಗಿದೆ ಎಂದು ಎಲೆಕ್ಟ್ರಿಷಿಯನ್ ಜೊತೆ ನಡೆದು ನೋಡಿ. ಅದು ಸಣ್ಣ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು ಒಪ್ಪಿಗೆ ಪತ್ರ. ತೋಟದೊಳಗೆ ಹೋಗಲು ಮಾಲೀಕರ ಅನುಮತಿ ಬೇಕೇ ಬೇಕು, ಅವರು ತೋಟದ ಲೆಕ್ಕ ಬರೆಯುವ ರೈಟರ್ ಅನ್ನೋ ಮೇಸ್ತ್ರಿಯನ್ನೋ ಜೊತೆಗೆ ಕಳುಹಿಸುತ್ತಾರೆ. ಒಂದು ಬೆಳಿಗ್ಗೆ ಲೈನ್ ಮನೆಯ ಜಗುಲಿಯಲ್ಲಿ ಯರವ ಹೆಣ್ಣುಮಗಳೊಬ್ಬಳಿಗೆ ನಾನು ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದೆ. ಪ್ರತಿ ವಾಕ್ಯಕ್ಕೂ ಅವಳು ನನ್ನ ಮುಖ ನೋಡದೆ ಪಕ್ಕದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ರೈಟರ್ ಮುಖ ನೋಡಿ ತಲೆಯಾಡಿಸುತ್ತಿದ್ದಳು. ಹೆಬ್ಬೆಟ್ಟು ಒತ್ತಿದಳು, ಆದರೆ ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಐ.ಸಿ.ಎಂ.ಆರ್.ನ 2017ರ ನೈತಿಕ ಮಾರ್ಗಸೂಚಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಸಮುದಾಯದ ಮುಖಂಡರೋ ಜಾಗದ ಒಡೆಯರೋ ಕೊಡುವ ಅನುಮತಿ ವ್ಯಕ್ತಿಯ ಸ್ವಂತ ಒಪ್ಪಿಗೆಗೆ ಬದಲಿಯಾಗದು, ಓದು ಬಾರದವರ ಒಪ್ಪಿಗೆಗೆ ಯಾವ ಕಡೆಗೂ ಸೇರದ ಸಾಕ್ಷಿ ಬೇಕು. ಆಮೇಲೆ ನಾವು ಅಂಗನವಾಡಿ ಕಟ್ಟಡದಲ್ಲಿ, ಸಂತೆಯ ದಿನ, ಕೆಲಸದ ಹೊತ್ತಿನ ಹೊರಗೆ ಮಾಡಲು ಶುರುಮಾಡಿದೆವು. ಇದಕ್ಕೆ ವಾಹನ, ರಜಾದಿನದ ಭತ್ಯೆ, ಯರವ ಭಾಷೆ ಬಲ್ಲ ಸಹಾಯಕಿ ಎಲ್ಲವೂ ಬೇಕಾಯಿತು. ಇವಕ್ಕೆ ಆಯವ್ಯಯದಲ್ಲಿ ಹಣ ತೆಗೆದಿಡುವುದು ಮುಖ್ಯ ಸಂಶೋಧಕರಿಗೆ ನೆನಪಾಗುವುದಿಲ್ಲ, ಅದು ನಿಮಗೇ ನೆನಪಾಗಬೇಕು.

ಇನ್ನೊಂದು ಮಾತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಒಂದು ದಿನ ಕೆಲಸ ತಪ್ಪಿದರೆ ಆ ಮನೆಗೆ ಎಷ್ಟು ಹೊಡೆತ ಎಂಬುದು ನಿಮಗೇ ಗೊತ್ತು. ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಡಿಸೆಂಬರ್ ರಜೆಗೆ ವಿದ್ಯಾರ್ಥಿಗಳನ್ನು ಕಳುಹಿಸುವುದು ಅನುಕೂಲವೆಂದು ಕಾಣುತ್ತದೆ. ಅದನ್ನು ಒಪ್ಪಬೇಡಿ.

ಉತ್ತರ – ಸ್ಟೆತೊ, ಮಡಿಕೇರಿ

ವೈದ್ಯನಾಗಿ ಎರಡು ಮಾತು ಸೇರಿಸುತ್ತೇನೆ, ಒಂದರಲ್ಲಿ ಮೇಲಿನವರೊಂದಿಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಕಾರ್ಯಾಚರಣಾ ನಿರ್ದೇಶಕರಿಗೆ ಅಧಿಕಾರ ಬೇಕು ಎಂಬುದು ನಿಜ, ಆದರೆ ಆ ಅಧಿಕಾರಕ್ಕೆ ಗಡಿಯೂ ಇರಬೇಕು. ಯಾವ ಪ್ರಶ್ನೆ ಕೇಳಬೇಕು, ಯಾರನ್ನು ಅಧ್ಯಯನಕ್ಕೆ ಸೇರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಮುಖ್ಯ ಸಂಶೋಧಕರ ಮತ್ತು ಅಧ್ಯಯನವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಕೆಲಸ. ನಿಮ್ಮನ್ನು ನೈತಿಕ ಸಮಿತಿಯ ಸದಸ್ಯರನ್ನಾಗಿ ಮಾಡುತ್ತೇವೆ ಎಂದರೆ ವಿನಯದಿಂದ ಬೇಡವೆನ್ನಿ. ಸಂಸ್ಥೆಯ ಮುಖ್ಯಸ್ಥರು ಆ ಸಮಿತಿಯಲ್ಲಿ ಇರಬಾರದೆಂದೂ ಅಧ್ಯಕ್ಷರು ಹೊರಗಿನವರಾಗಿರಬೇಕೆಂದೂ ಮಾರ್ಗಸೂಚಿ ಹೇಳುವುದು ಸಮಿತಿಯ ತೀರ್ಮಾನ ಸ್ವತಂತ್ರವಾಗಿ ಉಳಿಯಲಿ ಎಂಬ ಕಾರಣಕ್ಕೆ. ಹಣಕ್ಕೂ ಜನಬಲಕ್ಕೂ ಹೊಣೆಯಾಗಿರುವ ನಿಮಗೂ ಅದೇ ಕಾರಣ ಅನ್ವಯಿಸುತ್ತದೆ.

ಮುಂದೆ ಎಂದಾದರೂ ಔಷಧ ಪ್ರಯೋಗವನ್ನು ಕೈಗೆತ್ತಿಕೊಂಡರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಗಂಭೀರ ಪ್ರತಿಕೂಲ ಘಟನೆಯನ್ನು ಸಂಶೋಧಕರು 24 ಗಂಟೆಗಳೊಳಗೆ ವರದಿ ಮಾಡಬೇಕು. ಭಾನುವಾರ ರಾತ್ರಿ ನಾಗರಹೊಳೆ ಅಂಚಿನ ಹಾಡಿಯಲ್ಲಿ ಒಬ್ಬರು ಕುಸಿದುಬಿದ್ದರೆ ಆ ಸುದ್ದಿ ಯಾರ ಫೋನಿಗೆ ಬರುತ್ತದೆ, ಆಂಬುಲೆನ್ಸ್ ಎಲ್ಲಿಂದ ಹೊರಡುತ್ತದೆ, ಚಿಕಿತ್ಸೆಯ ಖರ್ಚು ಯಾವ ಶೀರ್ಷಿಕೆಯಿಂದ ಹೋಗುತ್ತದೆ ಎಂಬ ವ್ಯವಸ್ಥೆಯನ್ನು ಮೊದಲೇ ಮಾಡಿಡುವುದು ಖಂಡಿತವಾಗಿ ನಿಮ್ಮ ಹೊಣೆ. ಶುಶ್ರೂಷಕಿಯನ್ನು ವಾರ್ಡಿಗೆ ಕೇಳುವ ಪ್ರಶ್ನೆಗೆ: ಜೀವಕ್ಕೆ ಅಪಾಯವಿದ್ದರೆ ಕಳುಹಿಸಿ, ಕಳುಹಿಸಿದ್ದನ್ನು ಅಂದೇ ಬರೆದಿಡಿ, ಮಾಮೂಲಿ ಜನದಟ್ಟಣೆಗೆ ಕಳುಹಿಸಬೇಡಿ. ಒಮ್ಮೆ ರೂಢಿಯಾದರೆ ತಿಂಗಳೊಳಗೆ ಸಂಶೋಧನೆಗೆ ಶುಶ್ರೂಷಕಿಯೇ ಇರುವುದಿಲ್ಲ.

ಉತ್ತರ – ಮಂಜಿನೂರು, ಇಂಗ್ಲೆಂಡಿನಿಂದ

ನಾನು ಕುಶಾಲನಗರದ ಕಡೆಯವನು, ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯ ಸಂಶೋಧನಾ ಕಚೇರಿಯಲ್ಲಿದ್ದೇನೆ. ಇಲ್ಲಿ ಸರ್ಕಾರವು 2009ರಲ್ಲಿ ಐದು ಆಸ್ಪತ್ರೆ–ವಿಶ್ವವಿದ್ಯಾಲಯ ಪಾಲುದಾರಿಕೆಗಳಿಗೆ ‘ಅಕಾಡೆಮಿಕ್ ಹೆಲ್ತ್ ಸೈನ್ಸ್ ಸೆಂಟರ್’ ಎಂಬ ಮಾನ್ಯತೆ ಕೊಟ್ಟಿತು. ಲಂಡನ್ನಿನ ಮೂರು, ಕೇಂಬ್ರಿಡ್ಜ್ ಮತ್ತು ಮ್ಯಾಂಚೆಸ್ಟರ್. ಅವುಗಳಲ್ಲಿ ಇಂಪೀರಿಯಲ್ ಕಾಲೇಜಿನವರು 2007ರಲ್ಲೇ ಬೇರೊಂದು ದಾರಿ ಹಿಡಿದಿದ್ದರು: ಆಸ್ಪತ್ರೆ ಟ್ರಸ್ಟ್‌ನ ಮುಖ್ಯ ಕಾರ್ಯನಿರ್ವಾಹಕರೂ ವೈದ್ಯಕೀಯ ವಿಭಾಗದ ಮುಖ್ಯಸ್ಥರೂ ಒಬ್ಬರೇ ಆಗಿರಲಿ ಎಂದು. ಕೆಲವು ವರ್ಷಗಳ ಬಳಿಕ ಆ ಎರಡು ಹುದ್ದೆಗಳನ್ನು ಮತ್ತೆ ಬೇರೆ ಮಾಡಿದರು. ಇದರಿಂದ ನಾನು ತಿಳಿದುಕೊಂಡದ್ದು ಏನೆಂದರೆ, ಒಬ್ಬರನ್ನೇ ಮೇಲೆ ಕೂರಿಸಿದ ಮಾತ್ರಕ್ಕೆ ಎರಡು ಸಂಸ್ಥೆಗಳು ಒಂದಾಗುವುದಿಲ್ಲ. ದಿನನಿತ್ಯದ ಕೆಲಸ ಒಂದಾಗುವುದು ಕೆಳಗಿನ ಸಣ್ಣ ವ್ಯವಸ್ಥೆಗಳಿಂದ. ಇಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಪತ್ರೆಯಲ್ಲಿ ರೋಗಿಗಳನ್ನು ಕಾಣಬೇಕಾದರೆ ಆಸ್ಪತ್ರೆಯು ಅವರಿಗೆ ಸಂಬಳವಿಲ್ಲದ ಗೌರವ ನೇಮಕಾತಿ ಪತ್ರ ಕೊಡುತ್ತದೆ. ಅದರಿಂದ ರೋಗಿಯ ಗೋಪ್ಯತೆ, ಸುರಕ್ಷತೆಯ ವಿಷಯದಲ್ಲಿ ಅವರೂ ಆಸ್ಪತ್ರೆಯ ನಿಯಮಕ್ಕೆ ಒಳಪಡುತ್ತಾರೆ. ನಿಮ್ಮಲ್ಲೂ ಇದನ್ನು ಮಾಡಿ. ಖರ್ಚಿಲ್ಲದ ಕೆಲಸ.

ಹತ್ತಿರದ ಉದಾಹರಣೆ ಬೇಕಿದ್ದರೆ ಮೈಸೂರನ್ನೇ ನೋಡಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಸೂಲಗಿತ್ತಿಯರು ಹೆರಿಗೆ ದಾಖಲೆಯಲ್ಲಿ ತಪ್ಪದೆ ಬರೆದಿಟ್ಟಿದ್ದರು. ದಶಕಗಳ ನಂತರ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆ ಆಸ್ಪತ್ರೆಯೊಂದಿಗೆ ಸೇರಿ, ಹಾಗೆ ಹುಟ್ಟಿದವರನ್ನು ಹುಡುಕಿ, ಹುಟ್ಟಿನ ತೂಕಕ್ಕೂ ದೊಡ್ಡವರಾದ ಮೇಲೆ ಬರುವ ಮಧುಮೇಹ, ಹೃದ್ರೋಗಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದರು. 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಪಾರ್ಥೆನಾನ್ ಎಂಬ ಹೊಸ ಅಧ್ಯಯನ ಶುರುವಾಗಿ, ಆ ಮಕ್ಕಳನ್ನು ಅವರು ಬೆಳೆದಂತೆಲ್ಲ ಮತ್ತೆ ಮತ್ತೆ ಕಂಡಿದ್ದಾರೆ. ಜಗತ್ತಿಗೆ ತಿಳಿದ ಆ ಕೆಲಸ ನಿಂತಿರುವುದು ಹೆರಿಗೆ ಕೋಣೆಯ ಪುಸ್ತಕವನ್ನು ಎಸೆಯದೆ ಇಟ್ಟುಕೊಂಡವರ ಮೇಲೆ. ನಿಮ್ಮ ಐದು ವರ್ಷದ ಯೋಜನೆ ಮುಗಿದ ಮೇಲೆ ದಾಖಲೆಗಳು ಯಾರ ಬಳಿ, ಯಾವ ಕೋಣೆಯಲ್ಲಿ, ಯಾರ ಖರ್ಚಿನಲ್ಲಿ ಉಳಿಯುತ್ತವೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಹೆಸರು, ಊರು, ಜಾತಿ ಇರುವ ಕೀಲಿ ಪಟ್ಟಿ ಬೇರೆ, ಸಂಖ್ಯೆಯಿಂದ ಗುರುತಿಸುವ ದತ್ತಾಂಶ ಬೇರೆ ಇರಲಿ. ಸಿಕಲ್ ಸೆಲ್ ವಾಹಕರು, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಜೀನನ್ನು ಹೊತ್ತವರು, ಯಾರೆಂಬುದು ಹೊರಗೆ ಬಿದ್ದರೆ ಹುಡುಗಿಯರ ಮದುವೆ ಮಾತುಕತೆ ಮುರಿದು ಬೀಳುತ್ತದೆ.

ಮರು ಉತ್ತರ – ಬೆಟ್ಟದ ಹಾದಿ, ಪೊನ್ನಂಪೇಟೆ

ವಾಹಕರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಮಾಡಿ ಫಲಿತಾಂಶ ಕೊಡದೆ ಹೋಗುವುದು ಹಾಡಿಯವರಿಗೆ ಅತ್ಯಂತ ನೋವು ಕೊಡುವ ಸಂಗತಿ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟು, ಫಲಿತಾಂಶದ ಕಾರ್ಡನ್ನೂ ಆಪ್ತಸಮಾಲೋಚನೆಯನ್ನೂ ಸೇರಿಸಿದ್ದಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕರಾಗಿರುವುದೇ ಕಾಯಿಲೆಯಲ್ಲ, ಇಷ್ಟನ್ನು ಅವರ ಭಾಷೆಯಲ್ಲಿ ಕೂತು ಹೇಳಲು ಒಬ್ಬೊಬ್ಬರಿಗೆ ಅರ್ಧ ಗಂಟೆಯಾದರೂ ಬೇಕು. ನಿಮ್ಮ ಸಿಬ್ಬಂದಿ ಪಟ್ಟಿಯಲ್ಲಿ ಆ ಅರ್ಧ ಗಂಟೆಗೆ ಜನ ಇದ್ದಾರೆಯೇ ನೋಡಿ.

ಪ್ರಶ್ನೆ ಕೇಳಿದವರಿಂದ – ಕಾವೇರಿತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಸಮಯ ಕೊಟ್ಟು ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ. ನಿನ್ನೆ ಎರಡೂ ಕಡೆಯವರು ಕುಳಿತಿದ್ದ ಸಭೆಯಲ್ಲಿ ಕರಡು ಆದೇಶವನ್ನು ವಾಕ್ಯ ವಾಕ್ಯವಾಗಿ ಚರ್ಚಿಸಿದೆವು. ಮೂವರು ಮೂವರ ಜಂಟಿ ಸಮಿತಿಗೆ ಒಪ್ಪಿದ್ದಾರೆ. ಭಿನ್ನಾಭಿಪ್ರಾಯ ಬಂದರೆ ಹದಿನೈದು ದಿನಗಳೊಳಗೆ ತೀರ್ಮಾನ, ಅಲ್ಲಿಯವರೆಗೆ ರೋಗಿಯ ಸುರಕ್ಷತೆಗೆ ಸಂಬಂಧಿಸಿದ್ದರಲ್ಲಿ ವೈದ್ಯಕೀಯ ಅಧೀಕ್ಷಕರ ಮಾತು, ಉಳಿದದ್ದರಲ್ಲಿ ನನ್ನ ಮಾತು ಎಂದು ಬರೆಯಲು ತೀರ್ಮಾನವಾಯಿತು. ನೈತಿಕ ಸಮಿತಿಯಲ್ಲಿ ನನ್ನ ಹೆಸರಿತ್ತು. ಸ್ಟೆತೊ ಅವರ ಮಾತಿನಂತೆ ತೆಗೆಸಿದೆ. ಗೌರವ ನೇಮಕಾತಿ ಪತ್ರದ ಆಲೋಚನೆ ವಿಶ್ವವಿದ್ಯಾಲಯದವರಿಗೆ ಹಿಡಿಸಿತು.

ಮಂಜೂರಾತಿ ಅಧಿಕಾರದ ಮಿತಿಯ ಬಗ್ಗೆ ಮಾತ್ರ ಸಿಂಡಿಕೇಟ್ ಸಭೆಯವರೆಗೆ ಕಾಯಬೇಕು ಎಂದಿದ್ದಾರೆ. ಆ ನಿರ್ಣಯದ ಪ್ರತಿ ಕೈಗೆ ಬಂದ ಮೇಲೆಯೇ ಒಪ್ಪಿಗೆ ಪತ್ರ ಕೊಡುತ್ತೇನೆ ಎಂದು ತಿಳಿಸಿದ್ದೇನೆ. ಕ್ಷೇತ್ರ ಸಹಾಯಕರ ಸಂಬಳಕ್ಕೆ ಮೂರು ತಿಂಗಳ ಮೊತ್ತವನ್ನು ನಮ್ಮ ಟ್ರಸ್ಟ್ ಮುಂಗಡವಾಗಿ ತೆಗೆದಿಡಬೇಕೆಂದು ಕೇಳಿದಾಗ ಖಜಾಂಚಿಯವರು ಮೊದಲು ಹಿಂಜರಿದರು. ಆ ಇಬ್ಬರು ಹುಡುಗಿಯರ ವಿಷಯ ಹೇಳಿದ ಮೇಲೆ ಮಂಡಳಿಯ ಮುಂದಿಡಲು ಒಪ್ಪಿದರು.

ಇಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಜೊತೆ ಆಸ್ಪತ್ರೆಯನ್ನು ಒಂದು ಸುತ್ತು ಹಾಕಿದೆ. ಫ್ರೀಜರಿಗೆಂದು ಗುರುತಿಸಿದ್ದ ಕೋಣೆಗೆ ಜನರೇಟರಿನ ಲೈನ್ ಇಲ್ಲ. ಅದರ ಎದುರಿಗಿರುವ ಹಳೆಯ ಲಿನನ್ ಕೋಣೆಗೆ ಇದೆ. ಅದನ್ನು ಖಾಲಿ ಮಾಡಿಸುವಂತೆ ಮೇಟ್ರನ್ ಅವರಿಗೆ ಹೇಳಿ ಬಂದಿದ್ದೇನೆ, ಮಳೆ ಹಿಡಿಯುವ ಮುಂಚೆ ಆಗಬೇಕು.